ಕೊಳಕು ಹೂಳು: ಮುಚ್ಚುವುದಾ, ತೆಗೆಯುವುದಾ?

ಸಕಲೇಶಪುರದ ಹೊಳೆಯಾಗಲಿ, ಹಾಸನದ ಕಡೆಯ ಊರಕೆರೆಯಾಗಲಿ, ತಳದ ಹೂಳಿನಲ್ಲಿ ಸೀಸ, ಪಾದರಸದಂಥ ವಿಷ ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ಏನು ಮಾಡಬೇಕು?

ಮುಚ್ಚುವುದೆಂದರೆ ಹೂಳಿನ ಮೇಲೆ ಶುದ್ಧ ಮರಳಿನ ಪದರ ಹಾಸುವುದು. ಕೆಲವೆಡೆ ವಿಷ ಹಿಡಿದಿಡಲು ಇದ್ದಿಲು ಬೆರೆಸುತ್ತಾರೆ, ಕೊಚ್ಚಿಹೋಗದಂತೆ ಮೇಲೆ ಕಲ್ಲು ಹಾಕುತ್ತಾರೆ. ಸಾಮಾನ್ಯವಾಗಿ ಖರ್ಚು ಕಡಿಮೆ, ಕೆಸರೂ ಜಾಸ್ತಿ ಕದಡುವುದಿಲ್ಲ. ಆದರೆ ವಿಷ ಅಲ್ಲೇ ಇರುತ್ತದೆ. ಹೊದಿಕೆಯನ್ನು ಆಗಾಗ ಪರೀಕ್ಷಿಸುತ್ತಲೇ ಇರಬೇಕು. ಅಮೆರಿಕದ ಗ್ರಾಸ್ ನದಿಯಲ್ಲಿ 2001ರಲ್ಲಿ ಪ್ರಯೋಗಕ್ಕೆ ಹಾಸಿದ ಹೊದಿಕೆ 2003ರಲ್ಲಿ ಅಲ್ಲಲ್ಲಿ ಕಿತ್ತುಹೋಯಿತು. ಮಂಜುಗಡ್ಡೆ ಅಡ್ಡಗಟ್ಟಿ, ನೀರಿನ ಸೆಳೆತ ತಳವನ್ನೇ ಕೊರೆದಿತ್ತು. ನಮ್ಮಲ್ಲಿ ಮಂಜುಗಡ್ಡೆ ಇಲ್ಲ ನಿಜ, ಆಷಾಢದ ಹೇಮಾವತಿ ಇದೆಯಲ್ವಾ? ಹರಿಯುವ ಹೊಳೆಗೆ ಬರೀ ಮರಳು ಸಾಲದು.

ತೆಗೆದರೆ ವಿಷದ ಬಹುಪಾಲು ಹೋಗುತ್ತದೆ. ತೆಗೆಯುವಾಗ ಒಂದಿಷ್ಟು ನೀರಿಗೆ ಸೇರುತ್ತದೆ. ಅಮೆರಿಕದ್ದೇ ಆದ ಹಡ್ಸನ್ ನದಿಯಲ್ಲಿ 2009ರಿಂದ 2015ರ ನಡುವೆ ಹೂಳು ತೆಗೆದಾಗ, ನೀರು ಹಿಂಡಿ ರೈಲಿನಲ್ಲಿ ದೂರಕ್ಕೆ ಸಾಗಿಸಿದ್ದರು. ನಮ್ಮಲ್ಲಿ ಕೆರೆಗೋಡು ಅಂದರೆ ಹೊಲಕ್ಕೆ ಗೊಬ್ಬರ. ವಿಷದ ಗೋಡನ್ನು ದಯವಿಟ್ಟು ಯಾರ ಹೊಲಕ್ಕೂ ಬಿಡಬೇಡಿ. ಅದನ್ನು ಎಲ್ಲಿ ಹಾಕುವುದು ಎಂದು ಗೊತ್ತಿಲ್ಲದೆ ಜೆಸಿಬಿ ಇಳಿಸಲೂಬೇಡಿ.

ಚಿಕ್ಕಮಗಳೂರಿನ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರಿನ ಕತೆ ಬೇರೆ. ಅದರ ಕೊಳೆ ತಳದಲ್ಲಿ ಗ್ಯಾಸ್ ಹುಟ್ಟಿಸುತ್ತದೆ, ಗುಳ್ಳೆ ಮರಳನ್ನು ಸೀಳಿ ಬರುತ್ತದೆ. ಅಲ್ಲಿ ಮೊದಲು ನೀರು ಬಿಡುವುದನ್ನೇ ನಿಲ್ಲಿಸಬೇಕು.

ನನ್ನ ಆಯ್ಕೆ ಹೀಗೆ: ನಿಂತ ನೀರು, ಆಳ ಇದ್ದರೆ ಮುಚ್ಚಿ. ರಭಸದ ಹೊಳೆ, ಪದೇಪದೇ ಹೂಳೆತ್ತುವ ಕೆರೆಯಾದರೆ ತೆಗೆಯಿರಿ.