16 ಇಂಚಾ, 15 ಇಂಚಾ: ನನ್ನ ಪೋಲೋಗೆ ಹಾಕಿ ನೋಡಿದ ಎರಡು ಸೆಟ್ ಚಕ್ರ

ನನ್ನದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ಟರ್ಬೊ ಪೆಟ್ರೋಲ್ ಎಂಜಿನ್ನಿನ ಚಿಕ್ಕ ಕಾರು. ಇದನ್ನೂ ಸ್ಪೋರ್ಟ್ಸ್ ಕಾರು ಅಂತೀಯಾ ಅಂತ ನಗುವವರು ನಗಲಿ, ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ನನಗೆ ಇಷ್ಟು ಸಾಕು. ಕಂಪನಿ ಟೈರು 185/60 ಆರ್15 (ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ. 60, ರಿಮ್ಮು 15 ಇಂಚು), ರಿಮ್ಮು 6 ಇಂಚು ಅಗಲ, ಆಫ್‌ಸೆಟ್ 40 ಮಿಲಿಮೀಟರ್ (ಅದೇನೆಂದು ಮುಂದೆ ಹೇಳುವೆ). ಅದು ಸವೆದ ಮೇಲೆ ಎರಡು ಸೆಟ್ ಓಡಿಸಿದೆ. ಮೊದಲನೆಯದು ಹೊರಗಿನ 16 ಇಂಚಿನ ಅಲಾಯ್: 7 ಇಂಚು ಅಗಲ, ಆಫ್‌ಸೆಟ್ 35, ಮೇಲೆ 205/50. ಆಮೇಲಿನದು ಹಳೇ ರಿಮ್ಮಿಗೇ 195/60 ಆರ್15.

ಒಣ ರಸ್ತೆಯಲ್ಲಿ 16ಕ್ಕೆ ಸಾಟಿಯಿಲ್ಲ, ಈಗಲೂ ಒಪ್ಪುತ್ತೇನೆ. ಸ್ಟೇರಿಂಗ್ ತಿರುಗಿಸಿದ್ದೇ ತಡ, ಮೂತಿ ತಿರುಗುತ್ತಿತ್ತು.

ಕೈಕೊಟ್ಟಿದ್ದು ಆಫ್‌ಸೆಟ್. ರಿಮ್ಮಿನ ನಡುಗೆರೆಗೂ ಹಬ್ಬಿಗೆ (ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ಕಾರಿನ ಭಾಗಕ್ಕೆ) ಕೂರುವ ಮುಖಕ್ಕೂ ಇರುವ ಅಂತರವೇ ಅದು. ಸಂಖ್ಯೆ ಇಳಿದಷ್ಟೂ ಚಕ್ರ ಹೊರಕ್ಕೆ. ಅಂಗಡಿಯಲ್ಲಿ "ಬರೀ 5 ಮಿಲಿಮೀಟರ್ ಸಾರ್" ಅಂದರು, ನಾನೂ ತಲೆಯಾಡಿಸಿದೆ. ಅಗಲದ ಲೆಕ್ಕ ಇಬ್ಬರೂ ಮರೆತಿದ್ದೆವು. ಒಂದು ಇಂಚು ಹೆಚ್ಚಿದ ಅಗಲದಲ್ಲಿ ಅರ್ಧ ಹೊರಗೆ, ಅಂದರೆ 12.7. ಅದಕ್ಕೆ 5 ಕೂಡಿಸಿದರೆ 17.7 ಮಿಲಿಮೀಟರ್! ಒಬ್ಬನೇ ಓಡಿಸುವಾಗ ಸದ್ದಿಲ್ಲ. ಅಪ್ಪ, ಅಮ್ಮ, ಚಿಕ್ಕಪ್ಪ, ಡಿಕ್ಕಿಯಲ್ಲಿ ಒಂದು ಮೂಟೆ ಮೆಣಸು ಅಂತ ವಿರಾಜಪೇಟೆಗೆ ಹೊರಟರೆ ರಸ್ತೆಯ ಪ್ರತಿ ಉಬ್ಬಿಗೂ ಹಿಂದಿನ ಚಕ್ರದಿಂದ ಗರ್ರ್. "ಯಾಕೋ ಅದು ಅಳ್ತಾ ಉಂಟು?" ಅಂದರು ಅಪ್ಪ. ಇಳಿದು ಮಡ್‌ಗಾರ್ಡಿನ ಒಳ ಅಂಚಿಗೆ ಬೆರಳಾಡಿಸಿದೆ. ಪೇಂಟ್ ಹೋಗಿ ತಗಡು ಹೊಳೆಯುತ್ತಿತ್ತು, ಟೈರಿನ ಭುಜದಲ್ಲಿ ರಬ್ಬರ್ ಎಳೆಎಳೆಯಾಗಿ ಎದ್ದಿತ್ತು.

80 ಕಿಲೋಮೀಟರ್ ವೇಗದಲ್ಲಿ ನಡುಕ ಬೇರೆ. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಕೊನೆಗೆ ನಮ್ಮೂರ ಪಂಕ್ಚರ್ ಅಂಗಡಿ ಕಾಕ ಚಕ್ರ ಬಿಚ್ಚಿ ನೋಡಿ, "ನಡುವಿನ ತೂತು ದೊಡ್ಡದುಂಟು, ರಿಂಗ್ ಎಲ್ಲಿ?" ಅಂದರು. ಪೋಲೋ ಹಬ್ಬು 57.1 ಮಿಲಿಮೀಟರ್, ಹೊರಗಿನ ರಿಮ್ಮಿನ ತೂತು ಅದಕ್ಕಿಂತ ದೊಡ್ಡದಿದ್ದರೆ ಆ ಸಂದು ತುಂಬಲು ಹಬ್ ರಿಂಗ್ ಬೇಕು. ಬೋಲ್ಟೂ ಅಷ್ಟೇ: ಕಂಪನಿಯದ್ದರ ಕುತ್ತಿಗೆ ಗುಂಡಗೆ, ಹೊರಗಿನ ರಿಮ್ಮುಗಳಿಗೆ ಸಾಮಾನ್ಯವಾಗಿ ಬೇಕಾದದ್ದು ಶಂಕುವಿನಾಕಾರದ್ದು.

ಮಳೆಗಾಲದಲ್ಲಿ ಭಾಗಮಂಡಲದ ದಾರಿಯಲ್ಲಿ ಸಿಲ್ವರ್ ಓಕ್ ಎಲೆ ರಸ್ತೆಗೆ ಅಂಟಿಕೊಂಡು, ಮೇಲೆ ನೀರು ಹರಿಯುವಾಗ ಅಗಲದ ಟೈರು ಬೇಗ ತೇಲುತ್ತದೆ. ಕಡೆಗೆ ನಮ್ಮ ತೋಟದ ಗೇಟಿನ ಕಲ್ಲಿಗೆ ಬಡಿದು ಒಂದು ಟೈರಿನ ಪಕ್ಕಕ್ಕೆ ಕೋಳಿಮೊಟ್ಟೆಯಷ್ಟು ಉಬ್ಬು ಬಂತು. ಅಲ್ಲಿಗೆ 16 ಬಿಚ್ಚಿದೆ.

195/60ರ ಪಕ್ಕದ ಗೋಡೆ 117 ಮಿಲಿಮೀಟರ್, 205/50ರದ್ದು 102.5. ಆ ಒಂದೂವರೆ ಸೆಂಟಿಮೀಟರ್ ಏನೆಂದು ತೋಟದ ದಾರಿಯಲ್ಲಿ ಸೊಂಟಕ್ಕೇ ಗೊತ್ತಾಗುತ್ತದೆ. ಹಳೇ 185ಕ್ಕಿಂತ ಕಾರು 6 ಮಿಲಿಮೀಟರ್ ಎತ್ತರವೂ ಆಯಿತು. ಸ್ಪೀಡೋಮೀಟರ್ ಮೊದಲಿಗಿಂತ ಶೇ. 2ರಷ್ಟು ಕಡಿಮೆ ತೋರಿಸುತ್ತದೆ, ತಲೆಕೆಡಿಸಿಕೊಂಡಿಲ್ಲ. ಸಂಪಾಜೆ ತಿರುವಿನಲ್ಲಿ ಟೈರು ಮೊದಲು ಬಳುಕಿ ಆಮೇಲೆ ಕಾರು ಬರುವುದು ಮಾತ್ರ ಬೇಜಾರು. ಆದರೂ ವರ್ಷವಿಡೀ ಇಲ್ಲೇ ಇರುವವನಿಗೆ ಇದೇ ಸರಿ.

ಆ ನಾಲ್ಕು ಅಲಾಯ್ ಈಗ ಕಾಫಿ ಗೋಡೌನಿನಲ್ಲಿವೆ. ಜನವರಿಯಲ್ಲಿ ರಸ್ತೆ ಒಣಗಿದಾಗ ಕೈ ತುರಿಸುತ್ತದೆ. ಮತ್ತೆ 7 ಇಂಚು ಅಗಲದ್ದನ್ನೇ ಕೊಂಡರೆ ಆಫ್‌ಸೆಟ್ 45ರದ್ದು ಹುಡುಕುವೆ: ಹೊರಗೆ 7.7 ಮಾತ್ರ. ಒಳಗಡೆ ಅದೇ 17.7 ಹೋಗುತ್ತದೆ, ಹಾಗಾಗಿ ಈ ಸಲ ದುಡ್ಡು ಕೊಡುವ ಮೊದಲು ಸ್ಟ್ರಟ್ಟಿನ (ಚಕ್ರದ ಒಳಬದಿಯ ಸಸ್ಪೆನ್ಷನ್ ಕಂಬದ) ಪಕ್ಕ ಬೆರಳಿಟ್ಟು ಜಾಗ ಅಳೆಯಬೇಕು.