ಗೈಡ್ ಹಿಂದೆ ಹೋಗೋದಾ, ಒಬ್ಬರೇ ಸುತ್ತೋದಾ? ಸಣ್ಣ ಕ್ಯಾಂಪಸ್ ನೋಡುವ ನಾಲ್ಕು ಬಗೆ

ಅಣ್ಣನ ಮಗಳಿಗೆ ಕಾಲೇಜು ಹುಡುಕುವ ನೆಪದಲ್ಲಿ ಹಲವು ಸಣ್ಣ ಖಾಸಗಿ ಲಿಬರಲ್ ಆರ್ಟ್ಸ್ (ವಿಜ್ಞಾನ, ಸಾಹಿತ್ಯ, ಸಮಾಜಶಾಸ್ತ್ರ ಹೀಗೆ ಬೇರೆ ಬೇರೆ ವಿಷಯಗಳನ್ನು ಬೆರೆಸಿ ಕಲಿಸುವ) ವಿಶ್ವವಿದ್ಯಾಲಯಗಳನ್ನು ನೋಡಿದ್ದೇನೆ. ಕೆಲವನ್ನು ಫೋನಿನಲ್ಲಿ, ಕೆಲವನ್ನು ಗೈಡ್ ಜೊತೆ, ಕೆಲವನ್ನು ನಾವಿಬ್ಬರೇ ಸುತ್ತಾಡಿ, ಒಂದೆರಡನ್ನು ತರಗತಿಯಲ್ಲೇ ಕೂತು. ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ನನ್ನ ಹತ್ತಿರ ಖಚಿತವಾದ ಉತ್ತರವೇ ಇದೆ.

ಮೊದಲು ಒಂದು ಮಾತು. ದೊಡ್ಡ ವಿಶ್ವವಿದ್ಯಾಲಯ ನೋಡಲು ಹೋಗುವವರಿಗೆ ಕೊಡುವ ಸಲಹೆ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಗೈಡ್ ಇಲ್ಲದಿದ್ದರೆ ಯಾವ ವಿಭಾಗ ಎಲ್ಲಿದೆ ಅಂತ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಇಲ್ಲಿ ಇರುವುದೇ ಒಂದೆರಡು ಸಾವಿರ ಮಕ್ಕಳು. ಸಾಮಾನ್ಯವಾಗಿ ಮುಖ್ಯ ಕಟ್ಟಡಗಳೆಲ್ಲ ಕಾಲ್ನಡಿಗೆಯ ದೂರದಲ್ಲೇ ಸಿಗುತ್ತವೆ. ದಾರಿ ತೋರಿಸಲು ಯಾರೂ ಬೇಕಿಲ್ಲ. ಅಲ್ಲಿನ ಬದುಕು ಹೇಗಿದೆ ಅಂತ ತಿಳಿಸುವವರು ಬೇಕು.

ವರ್ಚುವಲ್ ಟೂರ್ ವಿಷಯ ಬೇಗ ಮುಗಿಸುತ್ತೇನೆ. ಅದರಲ್ಲಿ ಯಾವಾಗಲೂ ಬಿಸಿಲು, ಯಾವಾಗಲೂ ಹುಲ್ಲಿನ ಮೇಲೆ ನಗುತ್ತಾ ಕೂತ ಹುಡುಗ ಹುಡುಗಿಯರು. ಏರು ಇಳಿವು ಗೊತ್ತಾಗಲ್ಲ, ಸದ್ದು ಕೇಳಲ್ಲ. ಅದಕ್ಕಿಂತ ಗೂಗಲ್ ಮ್ಯಾಪ್‌ನ ಉಪಗ್ರಹ ಚಿತ್ರವೇ ವಾಸಿ. ಹಾಸ್ಟೆಲಿನಿಂದ ಲೈಬ್ರರಿಗೆ ಎಷ್ಟು ದೂರ, ಗೇಟಿನ ಆಚೆ ಊರಿದೆಯಾ ಬರೀ ಬಯಲಿದೆಯಾ ಅಂತ ಅದರಲ್ಲಿ ಕಾಣುತ್ತದೆ. ಸ್ಟ್ರೀಟ್ ವ್ಯೂ ನೋಡುವಾಗ ಚಿತ್ರ ತೆಗೆದ ತಿಂಗಳು, ವರ್ಷ ಎರಡನ್ನೂ ಓದಿಕೊಳ್ಳಿ, ಎಷ್ಟೋ ಸಲ ಅದು ತುಂಬಾ ಹಳೆಯದಾಗಿರುತ್ತದೆ. ಪಟ್ಟಿಯಿಂದ ಕೆಲವು ಹೆಸರು ತೆಗೆದುಹಾಕಲು ಇಷ್ಟು ಸಾಕು. ಒಂದನ್ನು ಆರಿಸಲು ಸಾಲದು.

ಗೈಡ್ ಟೂರನ್ನು ನಡೆಸುವುದು ಪ್ರವೇಶ ವಿಭಾಗ. ಕರೆದುಕೊಂಡು ಹೋಗುವುದು ಅಲ್ಲೇ ಓದುವ ವಿದ್ಯಾರ್ಥಿ. ನಮ್ಮ ಕಡೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ಮೆಟ್ಟಿಲು ಬಂದರೂ ಎಡವದೆ ಮಾತಾಡುವ ಆ ಮಕ್ಕಳನ್ನು ನೋಡಿದರೆ ಮೆಚ್ಚುಗೆಯಾಗುತ್ತದೆ. ಆದರೆ ದಾರಿ ಮೊದಲೇ ಗೊತ್ತುಮಾಡಿದ್ದು. ಲೈಬ್ರರಿ, ಹೊಸದಾಗಿ ಕಟ್ಟಿದ ವಿಜ್ಞಾನ ಕಟ್ಟಡ, ಜಿಮ್, ಆಮೇಲೆ ಒಂದು ಮಾದರಿ ಕೋಣೆ. ಅಷ್ಟು ಒಪ್ಪವಾದ ಹಾಸ್ಟೆಲ್ ಕೋಣೆಯನ್ನು ಎಲ್ಲಾದರೂ ನೋಡಿದ್ದೀರಾ? ಹಾಸಿಗೆ ಮೇಲೆ ಒಂದು ಸುಕ್ಕಿಲ್ಲ.

ಒಬ್ಬ ಶಿಕ್ಷಕರಿಗೆ ಇಷ್ಟು ವಿದ್ಯಾರ್ಥಿಗಳು ಎಂಬ ಲೆಕ್ಕ ಈ ಟೂರಿನಲ್ಲಿ ಕೇಳಿಬರುವ ಮಾಮೂಲಿ ಮಾತು. ಒಬ್ಬರಿಗೆ ಹತ್ತು ಅಂದರೆ ತರಗತಿಯಲ್ಲಿ ಹತ್ತೇ ಜನ ಅಂತ ಅರ್ಥವಲ್ಲ. ಒಬ್ಬ ವಿದ್ಯಾರ್ಥಿ ಒಂದೇ ಅವಧಿಯಲ್ಲಿ ನಾಲ್ಕೈದು ವಿಷಯ ತೆಗೆದುಕೊಂಡಿರುತ್ತಾನೆ, ಶಿಕ್ಷಕರು ಕಲಿಸುವುದು ಅದಕ್ಕಿಂತ ಕಡಿಮೆ ವಿಷಯ. ಹಾಗಾಗಿ ತರಗತಿ ಸಾಮಾನ್ಯವಾಗಿ ಆ ಲೆಕ್ಕಕ್ಕಿಂತ ದೊಡ್ಡದೇ ಇರುತ್ತದೆ. ಸರಾಸರಿ ಕೇಳುವ ಬದಲು ಗೈಡನ್ನೇ ಕೇಳಿ: ಈ ಸೆಮಿಸ್ಟರಿನಲ್ಲಿ ನಿನ್ನ ಅತಿ ದೊಡ್ಡ ತರಗತಿಯಲ್ಲಿ ಎಷ್ಟು ಜನ ಇದ್ದಾರೆ? ಈ ಪ್ರಶ್ನೆಗೆ ಬಾಯಿಪಾಠದ ಉತ್ತರ ಇರುವುದಿಲ್ಲ. ಇನ್ನೊಂದು, ಶನಿವಾರ ಭಾನುವಾರ ಎಷ್ಟು ಮಂದಿ ಇಲ್ಲೇ ಉಳಿಯುತ್ತಾರೆ ಅಂತಲೂ ಕೇಳಿ. ಸಣ್ಣ ಕ್ಯಾಂಪಸ್ ವಾರದ ಕೊನೆಗೆ ಖಾಲಿಯಾದರೆ ಉಳಿದವರಿಗೆ ಬಹಳ ಕಷ್ಟ.

ಈಗ ನನ್ನ ಮೆಚ್ಚಿನ ಬಗೆಗೆ ಬರೋಣ. ಒಬ್ಬರೇ ಅಥವಾ ಇಬ್ಬರೇ ಸುತ್ತಾಡುವುದು. ಕೆಲಸದ ದಿನ, ಬೆಳಗಿನ ಹೊತ್ತು, ಮಕ್ಕಳು ಒಂದು ತರಗತಿಯಿಂದ ಇನ್ನೊಂದಕ್ಕೆ ಓಡಾಡುವ ಸಮಯದಲ್ಲಿ ಹೋಗಿ. ಮೊದಲು ಸಂದರ್ಶಕರ ಕೌಂಟರಿನಲ್ಲಿ ಹೆಸರು ಬರೆಸಿ. ಖಾಸಗಿ ಜಾಗ, ಸುಮ್ನೆ ನುಗ್ಗುವ ಹಾಗಿಲ್ಲ.

ಆಮೇಲೆ ಕಟ್ಟಡ ನೋಡಬೇಡಿ, ಬಾಗಿಲು ನೋಡಿ. ಅಧ್ಯಾಪಕರ ಕೋಣೆಯ ಬಾಗಿಲಿಗೆ ಭೇಟಿಯ ಸಮಯ ಅಂಟಿಸಿರುತ್ತಾರೆ. ಆ ಹೊತ್ತಿಗೆ ಬಾಗಿಲು ತೆರೆದಿದೆಯಾ, ಒಳಗೆ ಯಾರಾದರೂ ಕೂತಿದ್ದಾರಾ? ಒಂದು ಕಡೆ ಕಾರಿಡಾರಿನ ಉದ್ದಕ್ಕೂ ಬಾಗಿಲುಗಳು ತೆರೆದಿದ್ದವು, ಹೊರಗೆ ನೆಲದ ಮೇಲೆ ಇಬ್ಬರು ಹುಡುಗಿಯರು ನೋಟ್ಸ್ ಹರಡಿಕೊಂಡು ಸರದಿಗೆ ಕಾಯುತ್ತಿದ್ದರು. ಇನ್ನೊಂದು ಕಡೆ ಅದೇ ಹೊತ್ತಿಗೆ ಎಲ್ಲಾ ಬೀಗ. ನೋಟಿಸ್ ಬೋರ್ಡಿನಲ್ಲಿ ಕಳೆದ ವರ್ಷದ ನಾಟಕದ ಪೋಸ್ಟರ್ ಹಾಗೇ ಇತ್ತು. ಎರಡೂ ಕಡೆಯ ಗೈಡ್‌ಗಳು ಹೇಳಿದ್ದು ಮಾತ್ರ ಒಂದೇ: ನಮ್ಮ ಶಿಕ್ಷಕರು ಯಾವಾಗ ಬೇಕಾದರೂ ಸಿಗುತ್ತಾರೆ.

"ಅತ್ತೆ, ಇಲ್ಲಿ ಬನ್ನಿ" ಅಂತ ಹುಡುಗಿ ಕರೆದದ್ದು ರಸಾಯನಶಾಸ್ತ್ರದ ಲ್ಯಾಬಿನ ಕಿಟಕಿಯ ಹತ್ತಿರ. ಒಳಗೆ ಒಂದು ಯಂತ್ರ, ಪಕ್ಕದಲ್ಲಿ ದಾರದಲ್ಲಿ ಕಟ್ಟಿದ ಪೆನ್ನು, ತೆರೆದಿಟ್ಟ ರಿಜಿಸ್ಟರ್. ಯಾರು ಯಾವಾಗ ಬಳಸಿದರು ಅಂತ ಬರೆಯುವ ಪುಸ್ತಕ. ಪುಟ ತುಂಬಾ ಬೇರೆ ಬೇರೆ ಕೈಬರಹ, ಹೆಸರಿನ ಮುಂದೆ ಎರಡನೇ ವರ್ಷ, ಮೂರನೇ ವರ್ಷ. ಪಿಎಚ್‌ಡಿಯವರು ಇಲ್ಲದ ಕಡೆ ದುಬಾರಿ ಯಂತ್ರವೂ ಪದವಿ ಮಕ್ಕಳ ಕೈಗೇ ಸಿಗುತ್ತದೆ. ಅಮೆರಿಕದ ಪೋರ್ಟ್‌ಲೆಂಡಿನ ರೀಡ್ ಕಾಲೇಜಿನಲ್ಲಿ 1968ರಿಂದ ಒಂದು ಪರಮಾಣು ಸಂಶೋಧನಾ ರಿಯಾಕ್ಟರ್ ಇದೆ. ಅದನ್ನು ನಡೆಸುವವರಲ್ಲಿ ಹೆಚ್ಚಿನವರು ಲೈಸೆನ್ಸ್ ಪಡೆದ ಪದವಿ ವಿದ್ಯಾರ್ಥಿಗಳೇ. ಸಣ್ಣ ಕಾಲೇಜಿನ ದೊಡ್ಡ ಲಾಭ ಇದೇ ಅಂತ ನನಗನ್ನಿಸುತ್ತದೆ. ಅದು ನಿಜವಾಗಿ ನಡೆಯುತ್ತಿದೆಯಾ ಅಂತ ತಿಳಿಯಲು ಅಂಥ ರಿಜಿಸ್ಟರಿನ ಒಂದು ಪುಟ ಸಾಕು.

ಹಸಿರು ಇಷ್ಟಪಡುವವರಿಗೂ ಒಬ್ಬರೇ ಸುತ್ತುವುದೇ ಸರಿ. ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನ ಕ್ಯಾಂಪಸ್ಸೇ ಒಂದು ಸಸ್ಯತೋಟ. 1929ರಲ್ಲಿ ಶುರುವಾದ ಸ್ಕಾಟ್ ಆರ್ಬೊರೀಟಮ್ ಅದು. ಅಂಥ ಜಾಗದಲ್ಲಿ ಗುಂಪಿನ ಹಿಂದೆ ಓಡಿದರೆ ಏನು ನೋಡಿದ ಹಾಗಾಯಿತು?

ಈ ಬಗೆಯ ಕೊರತೆಯೂ ಇದೆ. ಹಾಸ್ಟೆಲಿನ ಬಾಗಿಲು ಕಾರ್ಡ್ ಇಲ್ಲದೆ ತೆರೆಯುವುದಿಲ್ಲ. ಫೀಸು, ಸ್ಕಾಲರ್‌ಶಿಪ್ ಬಗ್ಗೆ ಗೋಡೆಗಳು ಏನೂ ಹೇಳುವುದಿಲ್ಲ. ಅದಕ್ಕೇ ಬೆಳಗ್ಗೆ ನಾವೇ ಸುತ್ತಿ, ಮಧ್ಯಾಹ್ನ ಗೈಡ್ ಟೂರಿಗೆ ಸೇರುವುದು ನಮಗೆ ಚೆನ್ನಾಗಿ ಹೊಂದಿತು. ಅಷ್ಟು ಹೊತ್ತಿಗೆ ಕೇಳಲು ಪ್ರಶ್ನೆಗಳು ಕೈಯಲ್ಲಿರುತ್ತವೆ. ಆ ಬೀಗದ ಕಾರಿಡಾರಿನ ಬಗ್ಗೆ ಕೇಳಿದಾಗ ಗೈಡ್ ಹುಡುಗ ಸ್ವಲ್ಪ ತಡೆದು, "ಆ ವಿಭಾಗದಲ್ಲಿ ಈಗ ಇಬ್ಬರೇ ಅಧ್ಯಾಪಕರು ಇದ್ದಾರೆ" ಅಂದ. ಯಾವ ಕೈಪಿಡಿಯಲ್ಲೂ ಇಲ್ಲದ ಸುದ್ದಿ ಅಲ್ವಾ?

ತರಗತಿಯಲ್ಲಿ ಕೂರುವುದು ಇವೆಲ್ಲಕ್ಕಿಂತ ಒಂದು ತೂಕ ಜಾಸ್ತಿ. ಮೊದಲನೇ ಸ್ಥಾನ ಕೊಡದಿರುವುದು ಅದು ಎಲ್ಲರಿಗೂ ಸಿಗುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಮುಂಚೆಯೇ ಬರೆದು ಕೇಳಬೇಕು, ಅಧ್ಯಾಪಕರು ಒಪ್ಪಬೇಕು, ಹೆಚ್ಚಿನ ಕಡೆ ಬಿಡುವುದು ವಿದ್ಯಾರ್ಥಿಯನ್ನು ಮಾತ್ರ. ನನ್ನಂಥವರು ಹೊರಗೆ ಬೆಂಚಿನ ಮೇಲೆ. ಅಮೆರಿಕದ ಅನಾಪೊಲಿಸ್ ಮತ್ತು ಸಾಂಟಾ ಫೆ ಊರುಗಳಲ್ಲಿ ಕ್ಯಾಂಪಸ್ ಇರುವ ಸೇಂಟ್ ಜಾನ್ಸ್ ಕಾಲೇಜಿನಂಥ ಕಡೆಗಂತೂ ಇದೊಂದೇ ದಾರಿ. 1937ರಿಂದ ಅಲ್ಲಿ ಪಾಠ ಅಂದರೆ ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬಂದು ಮೇಜಿನ ಸುತ್ತ ಕೂತು ಚರ್ಚಿಸುವುದು. ಅದನ್ನು ಹೊರಗಿನಿಂದ ನೋಡಿ ಏನು ತಿಳಿಯುತ್ತದೆ? ಒಳಗೆ ಕೂತಾಗ ಗಮನಿಸಬೇಕಾದ್ದು ಮಕ್ಕಳು ಒಬ್ಬರಿಗೊಬ್ಬರು ಉತ್ತರ ಕೊಡುತ್ತಾರಾ ಅಥವಾ ಬರೀ ಮೇಷ್ಟ್ರ ಮುಖ ನೋಡುತ್ತಾರಾ ಅನ್ನುವುದು. ತರಗತಿ ಮುಗಿದ ಮೇಲೆ ಯಾರು ಉಳಿಯುತ್ತಾರೆ ಅನ್ನುವುದನ್ನೂ ನೋಡಿ.

ಯಾವ ಬಗೆ ಆರಿಸಿದರೂ ಮೊದಲು ಶೈಕ್ಷಣಿಕ ಕ್ಯಾಲೆಂಡರ್ ತೆರೆದು ರಜೆ, ಪರೀಕ್ಷೆಯ ವಾರ ಎರಡನ್ನೂ ಬಿಟ್ಟು ದಿನ ಗೊತ್ತುಮಾಡಿ. ಹಲವು ಕಡೆ ರಜೆಯಲ್ಲೂ ಗೈಡ್ ಟೂರ್ ನಡೆಯುತ್ತಲೇ ಇರುತ್ತದೆ. ಕ್ಯಾಂಪಸ್ಸಿನಲ್ಲಿ ನೋಡಲು ಮಾತ್ರ ಯಾರೂ ಇರುವುದಿಲ್ಲ.