ಹಡಗಿನಲ್ಲಿ ಕಾಶಿಗೆ, ಅದೂ ಏಪ್ರಿಲ್‌ನಲ್ಲಿ: ದುಡ್ಡು ಕಟ್ಟುವ ಮುಂಚೆ ಓದಿ

ಬೆಳಗಾವಿಯ ಸಂಗೀತಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಟೂರ್ ಪ್ಯಾಕೇಜಿನ ಜಾಹೀರಾತು ಮತ್ತೆ ಓಡಾಡುತ್ತಿದೆ. ಪಾಟ್ನಾದಿಂದ ಕಾಶಿಗೆ ಗಂಗೆಯ ಮೇಲೆ ಕ್ರೂಸ್, ಅಲ್ಲಿ ಸಂಕಟ ಮೋಚನ ದೇವಸ್ಥಾನದ ಸಂಗೀತೋತ್ಸವ. ಕಳೆದ ಬೇಸಿಗೆಯಲ್ಲಿ ನಾವು ಮನೆಮಂದಿ ಇದಕ್ಕೇ ದುಡ್ಡು ಕಟ್ಟಿ ಹೋಗಿದ್ದೆವು. ಹಡಗು ಕಾಶಿ ಮುಟ್ಟಲಿಲ್ಲ. ಉತ್ಸವವೂ ಕೇಳಲಿಲ್ಲ.

ಹೊರಟಿದ್ದು ಅವ್ವನಿಗಾಗಿ. ಧಾರವಾಡ ಆಕಾಶವಾಣಿ ಕೇಳುತ್ತಲೇ ಬೆಳೆದವಳು. ಕುಮಾರ ಗಂಧರ್ವರು ಹುಟ್ಟಿದ್ದು ನಮ್ಮ ಸುಳೇಭಾವಿಯಲ್ಲಿ, 1924ರಲ್ಲಿ. ಅವರು ಹಾಡಿದ ಕಬೀರರ ನಿರ್ಗುಣಿ ಭಜನೆಗಳು ಅವ್ವನಿಗೆ ಬಾಯಿಪಾಠ. ಆ ಕಬೀರರ ಊರಾದ ಕಾಶಿ ನೋಡಬೇಕು, ಅಲ್ಲಿನ ಕಬೀರ್ ಚೌರಾ ಓಣಿಗಳಲ್ಲಿ ಒಮ್ಮೆ ನಡೆಯಬೇಕು ಅಂತ ಬಹಳ ವರ್ಷಗಳಿಂದ ಹೇಳುತ್ತಿದ್ದಳು. ತಬಲಾದ ಕಿಶನ್ ಮಹಾರಾಜರು, ಖಯಾಲ್ ಶೈಲಿಯ ಗಾಯನಕ್ಕೆ ಹೆಸರಾದ ರಾಜನ್–ಸಾಜನ್ ಮಿಶ್ರಾ ಸಹೋದರರು, ಎಲ್ಲರೂ ಆ ಓಣಿಯವರೇ. 2015ರಲ್ಲಿ ಯುನೆಸ್ಕೋ ಕಾಶಿಯನ್ನು ಸಂಗೀತ ನಗರ ಅಂತ ಗುರುತಿಸಿದ್ದು ಸುಮ್ನೆ ಅಲ್ಲ.

ಮೊದಲು ನೀರಿನ ಮಾತು. ಏಪ್ರಿಲ್‌ನಲ್ಲಿ ಕೃಷ್ಣಾ ನದಿ ಹೇಗಿರುತ್ತದೆ ಅಂತ ಅಥಣಿ, ಚಿಕ್ಕೋಡಿ ಕಡೆಯವರಿಗೆ ಹೇಳಬೇಕಿಲ್ಲ. ಗಂಗೆಯೂ ಆಗ ಸೊರಗಿರುತ್ತಾಳೆ. ಹರಿದ್ವಾರ, ನರೋರಾಗಳಲ್ಲಿ ಕಾಲುವೆಗಳಿಗೆ ನೀರು ಹೋಗುತ್ತದೆ. ಕೆಳಗೆ ಬಂದಂತೆ ಹೂಳು ಜಾಸ್ತಿ. ಮರಳಿನ ದಿಬ್ಬಗಳು ವರ್ಷವರ್ಷವೂ ಜಾಗ ಬದಲಿಸುತ್ತವೆ, ಹೋದ ವರ್ಷ ಹಡಗು ಸಾಗಿದ ದಾರಿ ಈ ವರ್ಷ ಇರುವುದಿಲ್ಲ. ಹಲ್ದಿಯಾದಿಂದ ಪ್ರಯಾಗದವರೆಗಿನ 1,620 ಕಿಲೋಮೀಟರ್ ನದಿ 1986ರಿಂದ ರಾಷ್ಟ್ರೀಯ ಜಲಮಾರ್ಗ 1 ಎನ್ನುವುದು ನಿಜ. ಆದರೆ ಜಲಮಾರ್ಗ ಅಂತ ಹೆಸರಿದ್ದ ಮಾತ್ರಕ್ಕೆ ಬೇಸಿಗೆಯಲ್ಲಿ ದೊಡ್ಡ ಹಡಗಿಗೆ ಬೇಕಾದಷ್ಟು ಆಳ ಸಿಗುವುದಿಲ್ಲ.

ನಾವು ಇದನ್ನೇ ಏಜೆಂಟರ ಆಫೀಸಿನಲ್ಲಿ ಕೇಳಿದ್ದೆವು. "ನೀರಿನ ತೊಂದರೆ ಇಲ್ಲ, ಚಿಂತಿ ಬಿಡ್ರಿ" ಅಂದರು. ಹಡಗು ಬಕ್ಸಾರ್ ಹತ್ತಿರ ನಿಂತುಬಿಟ್ಟಿತು. ಒಂದು ಹಗಲು, ಒಂದು ರಾತ್ರಿ ಅಲ್ಲೇ. ಆಮೇಲೆ ಎಲ್ಲರನ್ನೂ ಬಸ್ಸಿಗೆ ಹತ್ತಿಸಿದರು. ಆ ಬಿಸಿಲಲ್ಲಿ, ಮೊಣಕಾಲು ನೋವಿನ ಅವ್ವನನ್ನು ಕೂರಿಸಿಕೊಂಡು ಹೋದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಕಾಶಿಗೆ ಅಂತ ಇಟ್ಟಿದ್ದ ಸಮಯದಲ್ಲಿ ಬಹುಪಾಲು ದಾರಿಯಲ್ಲೇ ಕಳೆಯಿತು.

ಸರಿ, ಉತ್ಸವವಾದರೂ ಸಿಕ್ಕಿತೇ? ಅದೂ ಇಲ್ಲ. ಸಂಕಟ ಮೋಚನದಲ್ಲಿ ಹನುಮ ಜಯಂತಿ ಹೊತ್ತಿಗೆ ನಡೆಯುವ ಈ ಉತ್ಸವ ಶುರುವಾದದ್ದು 1923ರಲ್ಲಿ. ಸಂಜೆ ಆರಂಭವಾದರೆ ಬೆಳಗಿನವರೆಗೂ ಹಾಡು, ವಾದನ, ನೃತ್ಯ. ಎಷ್ಟೋ ಸಲ ದೊಡ್ಡ ಕಲಾವಿದರು ವೇದಿಕೆಗೆ ಬರುವುದೇ ಮಧ್ಯರಾತ್ರಿ ದಾಟಿದ ಮೇಲೆ. ನಮ್ಮ ವೇಳಾಪಟ್ಟಿಯಲ್ಲಿ ರಾತ್ರಿ ಎಂಟಕ್ಕೆ ಊಟ, ಆಮೇಲೆ ಯಾರೂ ಹೊರಗೆ ಹೋಗುವಂತಿಲ್ಲ. ಬದಲಿಗೆ ಹೋಟೆಲಿನ ಹಾಲ್‌ನಲ್ಲಿ ಕೀಬೋರ್ಡ್ ಹಿಡಿದು ಸಿನಿಮಾ ಭಜನೆ ಹಾಡಿಸಿದರು. ಅವ್ವ ಅರ್ಧಕ್ಕೇ ಎದ್ದು ಕೋಣೆಗೆ ಹೋದಳು.

ಇನ್ನೊಂದು ಗೊತ್ತಿರಲಿ. ದೇವಸ್ಥಾನದ ಆ ಉತ್ಸವಕ್ಕೆ ಟಿಕೆಟ್ಟೇ ಇಲ್ಲ. ಯಾರು ಬೇಕಾದರೂ ಹೋಗಿ ಕೂತು ಕೇಳಬಹುದು. ನಮ್ಮ ಬಿಲ್ಲಿನಲ್ಲಿ "ಉತ್ಸವ ಪ್ರವೇಶ" ಅಂತ ಬೇರೆಯೇ ಒಂದು ಸಾಲು ಇತ್ತು.

ಕಬೀರ್ ಚೌರಾ ಬಸ್ಸಿನ ಕಿಟಕಿಯಲ್ಲೂ ಕಾಣಲಿಲ್ಲ. ಆ ಓಣಿಗಳಿಗೆ ಬಸ್ಸು ಹೋಗುವುದೂ ಇಲ್ಲ, ನಡೆದೇ ಹೋಗಬೇಕು.

ಉತ್ಸವವೇ ಬೇಕು ಅನ್ನುವವರು ಹಡಗಿನ ಆಸೆ ಬಿಟ್ಟು ರೈಲಿನಲ್ಲೋ ವಿಮಾನದಲ್ಲೋ ಹೋಗಿ, ದೇವಸ್ಥಾನದ ಹತ್ತಿರ ಲಂಕಾ ಅಥವಾ ಅಸ್ಸಿ ಕಡೆ ರೂಮು ಮಾಡಿ. ಹಗಲು ಮಲಗಿ, ರಾತ್ರಿ ಕೇಳಿ. ನದಿಯ ಪ್ರಯಾಣವೇ ಮುಖ್ಯ ಅಂದರೆ ಮಳೆಗಾಲ ಮುಗಿದು ನೀರಿರುವಾಗ, ಕಾರ್ತಿಕದ ದೇವ ದೀಪಾವಳಿ ಹೊತ್ತಿಗೆ ನೋಡಿ. ಆಗ ಗಂಗಾ ಮಹೋತ್ಸವವೂ ಇರುತ್ತದೆ, ಅದರಲ್ಲೂ ಶಾಸ್ತ್ರೀಯ ಸಂಗೀತ ಕೇಳಬಹುದು. ಧ್ರುಪದ್ ಎಂಬ ಹಳೆಯ ಗಾಯನ ಶೈಲಿ ಇಷ್ಟಪಡುವವರಿಗೆ ಶಿವರಾತ್ರಿ ಸಮಯದಲ್ಲಿ ತುಳಸಿ ಘಾಟಿನ ಧ್ರುಪದ್ ಮೇಳ ಇದೆ. ಭರ್ತಿ ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಪ್ರವಾಹ ಬಂದರೆ ಘಾಟುಗಳೇ ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ.

ಈಗಾಗಲೇ ಮುಂಗಡ ಕೊಟ್ಟಿದ್ದರೆ ಒಪ್ಪಂದದ ಸಣ್ಣಕ್ಷರ ಓದಿ. ನಮ್ಮದರಲ್ಲಿ "ಸಂದರ್ಭಕ್ಕೆ ತಕ್ಕಂತೆ ಮಾರ್ಗ ಬದಲಾಗಬಹುದು" ಅಂತ ಇತ್ತು, ದುಡ್ಡು ವಾಪಸ್ ಕೇಳಿದಾಗ ಅದನ್ನೇ ತೋರಿಸಿದರು. ಹಡಗು ನಿಂತರೆ ಎಷ್ಟು ಹಣ ಹಿಂದೆ ಬರುತ್ತದೆ, ರಾತ್ರಿ ಉತ್ಸವಕ್ಕೆ ಬಿಡುತ್ತಾರೋ ಇಲ್ಲವೋ, ಎರಡನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಕೆಲಸಕ್ಕೆ ಬರುವುದಿಲ್ಲ. ಜಾಹೀರಾತಿನ ಫೋಟೋ, ರಸೀದಿ, ಮೆಸೇಜುಗಳನ್ನು ಅಳಿಸಬೇಡಿ. ಮೋಸ ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಲ್ಲೇ ದೂರು ಕೊಡಬಹುದು, ಕಂಪನಿ ಬೇರೆ ರಾಜ್ಯದ್ದಾದರೂ ಸರಿ. ಎರಡು ವರ್ಷದೊಳಗೆ ಕೊಡಬೇಕು. ನಾವು ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೊಟ್ಟಿದ್ದೇವೆ. ಅದೇ ಪ್ಯಾಕೇಜಿನಲ್ಲಿ ಹೋಗಿಬಂದವರು ಬೇರೆ ಯಾರಾದರೂ ಇದ್ದರೆ ನೀವೂ ಕೊಡಿ.